ಸಭೆಯಲ್ಲಿ ಇಲ್ಲದವಳು

ನಮ್ಮ ಮಾತಿನಲ್ಲಿ ಅತಿ ಹೆಚ್ಚು ಸವೆದುಹೋದ ನಾಣ್ಯ ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂದೆಮುಂದೆ ನೋಡದೆ 'ಚೆನ್ನಾಗಿದೆ' ಎಂಬ ಪದವನ್ನು ತೋರಿಸುತ್ತೇನೆ. ಎದುರು ಮನೆಯವರ ಹೊಸ ಸೀರೆ ಚೆನ್ನಾಗಿದೆ. ಬೀಗರ ಮನೆಯ ಊಟ ಚೆನ್ನಾಗಿತ್ತು. ಕಲ್ಲಿನಂತಾದ ಮೈಸೂರುಪಾಕನ್ನು ಬಾಯಿಯ ಈ ಬದಿಯಿಂದ ಆ ಬದಿಗೆ ಹೊರಳಿಸುತ್ತಲೇ 'ಪಾಕ ಚೆನ್ನಾಗಿ ಬಂದಿದೆ ಕಣ್ರೀ' ಎನ್ನುತ್ತೇವೆ. ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಎಳೆದ ಭಾಷಣವೂ ವಂದನಾರ್ಪಣೆ ಮಾಡುವವರ ಬಾಯಲ್ಲಿ 'ಮನಮುಟ್ಟುವಂಥದ್ದು' ಆಗಿಬಿಡುತ್ತದೆ. ಇದನ್ನೆಲ್ಲ ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಬಾಗಿಲ ತಿರುಗಣಿಗೆ ಬಿಡುವ ಎರಡು ಹನಿ ಎಣ್ಣೆಯಂತೆ ಅದು. ಸಂಸಾರ ಕಿರುಗುಟ್ಟದೆ ನಡೆಯಲು ಬೇಕು. 'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು' ಎಂಬ ಗಾದೆಯನ್ನು ಕಟ್ಟಿದವರು ಒದೆ ತಿಂದ ಅನುಭವಸ್ಥರೇ ಇರಬೇಕು.

ಆದರೆ ಈ ಎಣ್ಣೆಯೇ ಎಲ್ಲಾದರೂ ಒಂದು ಕಡೆ ವಿಷವಾಗುವುದುಂಟೆ? ಎದುರಿಗಿರುವವರ ಮನಸ್ಸು ನೋಯದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಆಡಿದ 'ಚೆನ್ನಾಗಿದೆ' ಅನ್ಯಾಯವಾಗುವ ಜಾಗ ಇದೆಯೆ? ಇದೆ ಎಂದು ನನಗೆ ಹೊಳೆದದ್ದು ನಾನು ಎಂದೂ ಕಾಲಿಡುತ್ತೇನೆಂದು ಎಣಿಸಿರದ ಒಂದು ಕಡೆ, ವೈದ್ಯರು ತಮ್ಮ ಸಂಶೋಧನೆಗಳನ್ನು ತಮ್ಮ ತಮ್ಮೊಳಗೆ ಓದಿ ಚರ್ಚಿಸುವ ಸಭೆಯಲ್ಲಿ.

ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ನನಗೂ ಅಂಥ ಸಭೆಗೂ ಏನು ನಂಟು ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ರೋಗಿಗಳನ್ನು ಒಳಗೊಂಡ ಸಂಶೋಧನೆ ಮಾಡುವ ಮುನ್ನ ಒಂದು ನೈತಿಕ ಸಮಿತಿ ಅದನ್ನು ಓದಿ ಒಪ್ಪಬೇಕು. ಹೊಸ ಔಷಧಗಳ ಪ್ರಯೋಗಕ್ಕೆಂದು 2019ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು. ಅವರಲ್ಲಿ ಒಬ್ಬರು ಕಾನೂನು ಬಲ್ಲವರು, ಒಬ್ಬರು ಮಹಿಳೆ, ಇನ್ನೊಬ್ಬರು ಈ ವಿದ್ಯೆಯ ಗಂಧವಿಲ್ಲದ ಸಾಮಾನ್ಯ ವ್ಯಕ್ತಿ ಆಗಿರಲೇಬೇಕು. ನಮ್ಮ ಕಡೆಯ ಒಂದು ವೈದ್ಯಕೀಯ ಕಾಲೇಜಿನವರು ಆ ಕೊನೆಯ ಸ್ಥಾನಕ್ಕೆ ನನ್ನನ್ನು ಕರೆದರು. 'ಏನೂ ಗೊತ್ತಿಲ್ಲದವರೇ ಬೇಕಂತಲ್ಲ, ಸರಿಯಾದವರನ್ನೇ ಹುಡುಕಿದ್ದಾರೆ ಬಿಡು' ಎಂದು ನಮ್ಮ ಮನೆಯವರು ನಕ್ಕರು. ನಾನೂ ನಕ್ಕು ಒಪ್ಪಿಕೊಂಡೆ.

ಸಮಿತಿಯ ಕಾರ್ಯದರ್ಶಿಯಾಗಿದ್ದ ಹಿರಿಯ ವೈದ್ಯರೊಬ್ಬರು ಒಂದು ದಿನ ಹೇಳಿದರು: 'ನಮ್ಮ ಪಿ.ಜಿ. ಹುಡುಗರು ಕಾನ್ಫರೆನ್ಸಿಗೆ ಹೋಗೋ ಮುಂಚೆ ಶನಿವಾರ ಮಧ್ಯಾಹ್ನ ಒಬ್ಬರಿಗೊಬ್ಬರು ಪೇಪರು ಓದಿ ತೋರಿಸ್ತಾರೆ ಮೇಡಂ. ಬಿಡುವಾದಾಗ ನೀವೂ ಬನ್ನಿ. ನಿಮಗೆ ಅರ್ಥವಾಗದೇ ಇದ್ದದ್ದು ಎಷ್ಟೋ ಸಲ ಓದಿದವರಿಗೂ ಅರ್ಥವಾಗಿರೋದಿಲ್ಲ.' ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಜೀವನವಿಡೀ ಬೋರ್ಡಿನ ಬಳಿ ನಿಂತವಳಿಗೆ ಹಿಂದಿನ ಬೆಂಚು ಎಂಥ ಸುಖ ಎಂದು ಆಗ ತಿಳಿಯಿತು.

ಹೀಗೆ ಸರೀಕರು ಕೂತು ಒಬ್ಬರ ಕೆಲಸವನ್ನು ಇನ್ನೊಬ್ಬರು ಒರೆಗೆ ಹಚ್ಚುವ ಪದ್ಧತಿ ವೈದ್ಯರಲ್ಲಿ ಹಳೆಯದು. ವಿಲಿಯಂ ಆಸ್ಲರ್ ಎಂಬ ಪ್ರಸಿದ್ಧ ವೈದ್ಯ 1875ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೆಗಳನ್ನು ಒಟ್ಟಿಗೆ ಕೂತು ಓದುವ ಕೂಟವೊಂದನ್ನು ಶುರುಮಾಡಿದ. ಇಂದು ಸಣ್ಣ ಊರಿನ ಕಾಲೇಜಿನಲ್ಲೂ ಅಂಥ ಕೂಟ ಉಂಟು. ಕೆಲಸ ಮಾಡಿದವರು ಹತ್ತು ನಿಮಿಷ ಹೇಳಬೇಕು: ಯಾವ ಪ್ರಶ್ನೆ ಹಿಡಿದು ಹೊರಟೆವು, ಎಷ್ಟು ರೋಗಿಗಳನ್ನು ನೋಡಿದೆವು, ಹೇಗೆ ಅಳೆದೆವು, ಏನು ಕಂಡೆವು. ಆಮೇಲೆ ಐದು ನಿಮಿಷ ಉಳಿದವರು ಕೇಳಬೇಕು. ನಿಜವಾದ ಪರೀಕ್ಷೆ ನಡೆಯುವುದು ಆ ಐದು ನಿಮಿಷದಲ್ಲಿ. ತನ್ನ ಬೆನ್ನು ತನಗೆ ಕಾಣದು. ಕಾಣಲು ಹಿಂದೆ ಇನ್ನೊಬ್ಬರು ನಿಂತಿರಬೇಕು.

ಆ ಐದು ನಿಮಿಷಗಳು ಹೆಚ್ಚಾಗಿ ಹೇಗೆ ಕಳೆಯುತ್ತಿದ್ದವು ಎಂದು ಹೇಳುತ್ತೇನೆ. 'ಅಕ್ಷರ ಸ್ವಲ್ಪ ದಪ್ಪ ಮಾಡಿದ್ದರೆ ಚೆನ್ನಾಗಿತ್ತು.' 'ನೀಲಿ ಬಣ್ಣದ ಮೇಲೆ ಕೆಂಪು ಅಕ್ಷರ ಕಾಣೋದಿಲ್ಲ.' 'ಒಳ್ಳೆಯ ಪ್ರಯತ್ನ, ಅಭಿನಂದನೆಗಳು.' ಒಂದು ಚಪ್ಪಾಳೆ, ಒಂದು ಲೋಟ ಚಹಾ, ಎರಡು ಬಿಸ್ಕತ್ತು. ನಮ್ಮ ಮಹಿಳಾ ಸಮಾಜಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು!

ಒಂದು ಶನಿವಾರ ಮಾತ್ರ ಹಾಗಾಗಲಿಲ್ಲ. ಅಂದು ಪೇಪರು ಓದಿದವಳು ಚುರುಕಾದ ಹುಡುಗಿ, ರಾತ್ರಿ ಡ್ಯೂಟಿ ಮುಗಿಸಿ ಕಣ್ಣು ಕೆಂಪಾಗಿಸಿಕೊಂಡೇ ಬಂದಿದ್ದಳು. ರಕ್ತಹೀನತೆಯಿರುವ ಬಸುರಿಯರಿಗೆ ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ತಿಳಿಹೇಳಿ ಕೊಟ್ಟರೆ ಹಿಮೋಗ್ಲೋಬಿನ್ ಎಷ್ಟು ಏರುತ್ತದೆ ಎಂಬುದು ಅವಳ ವಿಷಯ. ಗೆರೆ ಮೇಲೇರುವ ಚಿತ್ರ ತೋರಿಸಿದಳು. ಎಲ್ಲರ ಮುಖವೂ ಅರಳಿತು. ಆಗ ಅವಳಿಗಿಂತ ಒಂದು ವರ್ಷ ಚಿಕ್ಕವನಾದ ಹುಡುಗನೊಬ್ಬ ಹಿಂಜರಿಯುತ್ತ ಎದ್ದು ನಿಂತ. 'ಅಕ್ಕ, ಒಂದು ಸಣ್ಣ ಡೌಟು. ಮೂರನೇ ಸಲ ತಪಾಸಣೆಗೆ ಬಂದವರನ್ನು ಮಾತ್ರ ನೀವು ಲೆಕ್ಕಕ್ಕೆ ತಗೊಂಡಿದ್ದೀರಿ. ಮಧ್ಯದಲ್ಲಿ ಬರೋದು ಬಿಟ್ಟವರು ಏನಾದರು?'

ಕೋಣೆ ತಣ್ಣಗಾಯಿತು. ಹುಡುಗಿಯ ಮುಖ ಸಣ್ಣದಾಯಿತು. ಹಿರಿಯರೊಬ್ಬರು 'ಇರಲಿ ಬಿಡಪ್ಪ, ಇನ್ನು ವಾರದಲ್ಲಿ ಕಾನ್ಫರೆನ್ಸು. ಈಗ ಇದನ್ನೆಲ್ಲ ಎತ್ತಿದರೆ ಅವಳಿಗೆ ಧೈರ್ಯ ಕುಂದುತ್ತೆ' ಎಂದರು. ಹುಡುಗ 'ಸಾರಿ ಅಕ್ಕ' ಎಂದು ಕೂತುಬಿಟ್ಟ. ಚಹಾ ಬಂತು. ಆ ದಿನ ಬಿಸ್ಕತ್ತಿಗೆ ಯಾರೂ ಅಷ್ಟಾಗಿ ಕೈಹಾಕಲಿಲ್ಲ.

ಮನೆಗೆ ಬಂದು ಯೋಚಿಸುತ್ತ ಕೂತೆ. ಆ ಹಿರಿಯರು ಕೆಟ್ಟವರಲ್ಲ. ಮಗಳಂಥ ಹುಡುಗಿಯ ಮೇಲಿನ ಮಮತೆಯಿಂದಲೇ ಆ ಮಾತು ಹೇಳಿದ್ದರು. ಹುಡುಗ ಕೆಟ್ಟವನಾಗಿದ್ದನೆ? ಅವನೂ ಅಲ್ಲ. ಹಾಗಾದರೆ ಇಬ್ಬರಲ್ಲಿ ಯಾರದು ಸರಿ? ಬಹಳ ಹೊತ್ತು ಅಕ್ಕ ತಮ್ಮರ ಹಾಗಿದ್ದ ಆ ಇಬ್ಬರ ಮುಖವೇ ಕಣ್ಣ ಮುಂದಿತ್ತು. ಆಮೇಲೆ ನಿಧಾನವಾಗಿ ಮೂರನೆಯ ಒಂದು ಮುಖ ಕಾಣತೊಡಗಿತು. ಯಾವುದೋ ಹಳ್ಳಿಯಲ್ಲಿ, ತಾಯಿ ಕಾರ್ಡನ್ನು ಗೋಡೆಯ ಗೂಡಿನಲ್ಲಿಟ್ಟು, ಅದರ ಪಕ್ಕದಲ್ಲೇ ಅರ್ಧ ನುಂಗಿ ಬಿಟ್ಟ ಮಾತ್ರೆಯ ಹಾಳೆಯನ್ನೂ ಇಟ್ಟ ಒಬ್ಬ ಬಸುರಿಯ ಮುಖ. ಅವಳು ಆ ಕೋಣೆಯಲ್ಲಿರಲಿಲ್ಲ. ಗೆರೆ ಏರುವ ಆ ಚಿತ್ರದಲ್ಲೂ ಇರಲಿಲ್ಲ. ಆದರೆ ಅಲ್ಲಿ ಆಡಿದ ಮತ್ತು ಆಡದೆ ಬಿಟ್ಟ ಪ್ರತಿಯೊಂದು ಮಾತೂ ಕೊನೆಗೆ ಹೋಗಿ ಮುಟ್ಟುವುದು ಅವಳನ್ನೆ.

ಪಾಕ ಕೆಟ್ಟ ಮೈಸೂರುಪಾಕಿಗೂ ಇದಕ್ಕೂ ಇರುವ ಅಂತರ ಇದು. ಅಲ್ಲಿ ಇರುವುದು ಇಬ್ಬರೇ, ಮಾಡಿದವರು ಮತ್ತು ತಿಂದವರು. 'ಚೆನ್ನಾಗಿದೆ' ಎಂದರೆ ನೋಯುವುದು ತಿಂದವರ ಹಲ್ಲು ಮಾತ್ರ. ವೈದ್ಯರ ಸಭೆಯಲ್ಲಿ ಮಾಡಿದವರೂ ಹೊಗಳಿದವರೂ ಚಹಾ ಕುಡಿದು ಮನೆಗೆ ಹೋಗುತ್ತಾರೆ, ತಿನ್ನುವವಳು ಹೊರಗಿದ್ದಾಳೆ.

ಇದು ಕೇವಲ ನನ್ನ ಕಲ್ಪನೆಯ ಭಯವಲ್ಲ. ಹೆಣ್ಣುಮಕ್ಕಳಾದ ನಾವು ತಿಳಿದಿರಬೇಕಾದ ಒಂದು ಕಥೆ ಇದೆ. 1938ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಡಾಡ್ಸ್ ಎಂಬ ವಿಜ್ಞಾನಿ ಮತ್ತು ಅವನ ಜೊತೆಗಾರರು ಸ್ತ್ರೀ ಹಾರ್ಮೋನಿನಂತೆಯೇ ಕೆಲಸ ಮಾಡುವ ಒಂದು ಕೃತಕ ವಸ್ತುವನ್ನು ತಯಾರಿಸಿದರು. ಅದರ ಹೆಸರು ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್. ಬಾಯಿ ತಿರುಗದ ಆ ಹೆಸರನ್ನು ಎಲ್ಲರೂ ಡಿ.ಇ.ಎಸ್. ಎನ್ನುತ್ತಿದ್ದರು. ಅಮೆರಿಕದ ಬಾಸ್ಟನ್ನಿನ ಆಲಿವ್ ಸ್ಮಿತ್ ಮತ್ತು ಜಾರ್ಜ್ ಸ್ಮಿತ್ ಎಂಬ ದಂಪತಿ, ಇದನ್ನು ಬಸುರಿಯರಿಗೆ ಕೊಟ್ಟರೆ ಗರ್ಭಪಾತ ತಪ್ಪುತ್ತದೆಂದು ನಂಬಿದರು. 1948ರಲ್ಲಿ ಆಲಿವ್ ಸ್ಮಿತ್ 632 ಬಸಿರುಗಳ ವಿವರ ಪ್ರಕಟಿಸಿದರು. ಔಷಧ ತೆಗೆದುಕೊಂಡ ಬಹಳಷ್ಟು ಮಂದಿಗೆ ಮಗು ಉಳಿದಿತ್ತು. ಎಂಥ ಸಂತೋಷದ ಸುದ್ದಿ! ಕಳೆದುಕೊಂಡ ತಾಯಂದಿರ ಸಂಕಟ ಬಲ್ಲವರು ಯಾರು ತಾನೆ ಅದಕ್ಕೆ ಚಪ್ಪಾಳೆ ತಟ್ಟುವುದಿಲ್ಲ?

ಆದರೆ ಚಪ್ಪಾಳೆಯ ನಡುವೆ ಕೆಲವರಿಗೆ ಸಂದೇಹ ಬಂತು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಕೋಳಿ ಕೂಗಿದ್ದೂ ನಿಜ, ಬೆಳಗಾದದ್ದೂ ನಿಜ. ಆದರೆ ಕೋಳಿ ಇಲ್ಲದ ದಿನವೂ ಬೆಳಗಾಗುತ್ತದೆಯೆ ಎಂದು ನೋಡದೆ ತೀರ್ಮಾನಿಸುವಂತಿಲ್ಲ. ಒಂದು ಸಲ ಗರ್ಭ ನಿಲ್ಲದ ಹೆಂಗಸರಲ್ಲಿ ಹೆಚ್ಚಿನವರಿಗೆ ಮುಂದಿನ ಸಲ ಯಾವ ಔಷಧವೂ ಇಲ್ಲದೆ ಮಗುವಾಗುತ್ತದೆ. ಅದೂ ಅಲ್ಲದೆ ವಿಶೇಷ ಔಷಧ ಕೊಡುತ್ತಿದ್ದೇವೆಂದು ವೈದ್ಯರಿಗೂ ರೋಗಿಗೂ ಗೊತ್ತಿದ್ದರೆ ಆರೈಕೆ ತಾನಾಗಿಯೇ ಹೆಚ್ಚುತ್ತದೆ. ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆಯನ್ನು ಇನ್ನೊಂದು ಗುಂಪಿಗೆ ಕೊಟ್ಟು ಹೋಲಿಸಿದ್ದೀರಾ? ಸ್ಮಿತ್ ದಂಪತಿಯ ಕೆಲಸದಲ್ಲಿ ಆ ಹೋಲಿಕೆ ಇರಲಿಲ್ಲ.

ಷಿಕಾಗೋದ ಪ್ರಸೂತಿ ತಜ್ಞ ವಿಲಿಯಂ ಡೀಕ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಆ ಹೋಲಿಕೆಯನ್ನು ಮಾಡಿದರು. ಸುಮಾರು 1600 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ ಡಿ.ಇ.ಎಸ್., ಉಳಿದವರಿಗೆ ಬರಿಯ ಮಾತ್ರೆ. 1953ರಲ್ಲಿ ಪ್ರಕಟವಾದ ಅವರ ಉತ್ತರ ಸ್ಪಷ್ಟವಾಗಿತ್ತು: ಈ ಔಷಧದಿಂದ ಯಾವ ಉಪಯೋಗವೂ ಇಲ್ಲ. ಅದೇ ಅಂಕಿಗಳನ್ನು ಬೇರೆ ಸಂಶೋಧಕರು 1978ರಲ್ಲಿ ಮತ್ತೆ ಲೆಕ್ಕಹಾಕಿದಾಗ, ಅದರಿಂದ ಗರ್ಭಪಾತ ಕಡಿಮೆಯಾಗುವುದಿರಲಿ, ಹೆಚ್ಚೇ ಆಗಿತ್ತೆಂದು ಕಂಡಿತು.

ಕಥೆ 1953ಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಳ್ಳೆಯ ಸುದ್ದಿಗೆ ಕಾಲು ಜಾಸ್ತಿ, ತಿದ್ದುಪಡಿಗೆ ಕುಂಟು. ಎಷ್ಟೋ ವೈದ್ಯರು ಇನ್ನೂ ಹದಿನೆಂಟು ವರ್ಷ ಆ ಮಾತ್ರೆಯನ್ನು ಬರೆದುಕೊಡುತ್ತಲೇ ಹೋದರು. 'ಕೊಟ್ಟರೆ ನಷ್ಟವೇನು, ಪಾಪ, ಅವಳಿಗೊಂದು ಸಮಾಧಾನ' ಎಂದು ಕೊಟ್ಟವರೂ ಅವರಲ್ಲಿ ಇದ್ದಿರಬೇಕು. 1971ರಲ್ಲಿ ಬಾಸ್ಟನ್ನಿನ ಮೂವರು ವೈದ್ಯರು, ಅಪರೂಪದ ಯೋನಿ ಕ್ಯಾನ್ಸರಿಗೆ ತುತ್ತಾದ ಎಂಟು ಮಂದಿ ಎಳೆಯ ಹೆಣ್ಣುಮಕ್ಕಳ ಬಗ್ಗೆ ಬರೆದರು. ಎಂಟರಲ್ಲಿ ಏಳು ಮಂದಿಯ ತಾಯಂದಿರು ಬಸುರಿಯಾಗಿದ್ದಾಗ ಡಿ.ಇ.ಎಸ್. ತೆಗೆದುಕೊಂಡಿದ್ದರು. ತಾಯಿ ನುಂಗಿದ ಮಾತ್ರೆ, ಆಗ ಹುಟ್ಟಿಯೇ ಇರದ ಮಗಳನ್ನು ಹದಿಹರೆಯದಲ್ಲಿ ಹಿಡಿದಿತ್ತು. ಅದೇ ವರ್ಷ ಅಮೆರಿಕದ ಸರ್ಕಾರ ಬಸುರಿಯರಿಗೆ ಅದನ್ನು ಕೊಡಬಾರದೆಂದು ವೈದ್ಯರಿಗೆ ತಿಳಿಸಿತು.

ಆ ಹೆಣ್ಣುಮಕ್ಕಳಿಗಿಂತ ದೂರದಲ್ಲಿ, 1948ರ ಸಭೆಗಳಿಂದ ಹೊರಗೆ ಇದ್ದವರು ಇನ್ನು ಯಾರಿದ್ದಾರೆ? ಅವರಲ್ಲಿ ಕೆಲವರು ಆಗಿನ್ನೂ ಭೂಮಿಗೇ ಬಂದಿರಲಿಲ್ಲ. ಆದರೆ ಅಂದಿನ ಹೊಗಳಿಕೆಯ ಬೆಲೆ ತೆತ್ತವರು ಅವರು. ಯಾರ ಮನಸ್ಸನ್ನೂ ನೋಯಿಸಬಾರದೆಂಬ ಸಜ್ಜನಿಕೆ ಒಳ್ಳೆಯದೇ. ಆದರೆ ನನ್ನ ಸಜ್ಜನಿಕೆಯ ಬಿಲ್ಲನ್ನು ಇನ್ನೊಬ್ಬರ ಕೈಗೆ ಕೊಟ್ಟು ನಾನು ಎದ್ದು ಹೋಗಬಹುದೆ? ನನಗೆ ತೋರುವ ಉತ್ತರ ಇಲ್ಲ ಎಂದೇ. ಸರೀಕರ ಸಭೆಯಲ್ಲಿ ಕೂತವರು ಮೊದಲು ಋಣಿಯಾಗಿರುವುದು ಅಲ್ಲಿ ಇಲ್ಲದವರಿಗೆ. ವೇದಿಕೆಯ ಮೇಲೆ ನಿಂತವರಿಗೆ ಆಮೇಲೆ.

ಹೀಗೆಂದ ಮಾತ್ರಕ್ಕೆ, ನಾಲಗೆಯನ್ನು ಚಾಕುವಿನಂತೆ ಮಸೆದುಕೊಂಡು ಬನ್ನಿ ಎಂದು ನಾನು ಹೇಳುತ್ತಿಲ್ಲ. ಆ ಸಭೆಗಳಲ್ಲಿ ಇನ್ನೊಂದು ಬಗೆಯ ಜನರನ್ನೂ ನೋಡಿದ್ದೇನೆ. ಅವರಿಗೆ ಕೆಲಸದ ಕೊರತೆಗಿಂತ ಮಾಡಿದವರನ್ನು ಕೊರತೆಯವರೆಂದು ತೋರಿಸುವುದರಲ್ಲಿ ರುಚಿ. 'ಇದನ್ನು ಎಂ.ಬಿ.ಬಿ.ಎಸ್. ಮೊದಲ ವರ್ಷದ ಹುಡುಗ ಕೂಡ ಮಾಡೋದಿಲ್ಲ' ಎಂದು ಒಬ್ಬರು ಹೇಳಿದರೆ, ಅದರಲ್ಲಿ ಅವಮಾನ ಇದೆ, ತಿದ್ದುವ ದಾರಿ ಇಲ್ಲ. ಸೊಸೆ ಮಾಡಿದ ಸಾರನ್ನು ನಾಲ್ಕು ಜನರ ಮುಂದೆ ಜರೆಯುವ ಅತ್ತೆಗೂ ಸಾರು ಮುಖ್ಯವಲ್ಲ ಎಂದು ನಮಗೆ ಗೊತ್ತಿಲ್ಲವೆ? ಹಾಗೆ ಜರೆಸಿಕೊಂಡವಳು ಮುಂದಿನ ಸಲ ಒಳ್ಳೆಯ ಸಾರು ಮಾಡುವುದಿಲ್ಲ. ಮಾಡಿದ್ದನ್ನು ಮುಚ್ಚಿಡುವುದನ್ನು ಕಲಿಯುತ್ತಾಳೆ. ಸಂಶೋಧನೆಯಲ್ಲಿ ಮುಚ್ಚಿಡುವುದಕ್ಕಿಂತ ದೊಡ್ಡ ಅಪಾಯ ಬೇರೆ ಯಾವುದಿದೆ?

ನಿಜವನ್ನು ಕಂಡವರೂ ಅದನ್ನು ಹೇಳುವ ಬಗೆಯಿಂದ ಸೋಲಬಹುದು. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಒಂದು ಸಂಗತಿಯನ್ನು ಕಂಡುಹಿಡಿದ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿ ಬಾಣಂತಿಯರು ಹೆಚ್ಚಾಗಿ ಜ್ವರ ಬಂದು ಸಾಯುತ್ತಿದ್ದರು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುವುದು ಇದಕ್ಕೆ ಕಾರಣವೆಂದು ಅವನಿಗೆ ಹೊಳೆಯಿತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಎಂದು ಕಟ್ಟುನಿಟ್ಟು ಮಾಡಿದ. ಆ ವರ್ಷದ ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡಕ್ಕೆ ಇಳಿಯಿತು. ಇಷ್ಟು ದೊಡ್ಡ ಸತ್ಯ ಕೈಯಲ್ಲಿದ್ದರೂ ಅವನು ಅದನ್ನು ಸರೀಕರ ಮುಂದೆ ಪೂರ್ತಿಯಾಗಿ ಇಡಲು ತಡಮಾಡಿದ. ವಿಯೆನ್ನಾದ ವೈದ್ಯರ ಸಂಘದಲ್ಲಿ ತಾನೇ ಮಾತನಾಡಿದ್ದು 1850ರಲ್ಲಿ. ಪುಸ್ತಕ ಬಂದದ್ದು 1861ರಲ್ಲಿ. ಒಪ್ಪದವರನ್ನು ಆಮೇಲೆ ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಕರೆದ. ಅವನ ಸಿಟ್ಟು ಅರ್ಥವಾಗುವಂಥದ್ದು. ಸಾಯುತ್ತಿದ್ದವರು ಎಳೆಯ ತಾಯಂದಿರು. ಅವನನ್ನು ಕೇಳದೆ ಹೋದ ಹಿರಿಯರ ಅಹಂಕಾರ ಇನ್ನೂ ದೊಡ್ಡ ತಪ್ಪು. ಆದರೆ ಕೊಲೆಗಾರ ಎನಿಸಿಕೊಂಡವರು ಕೈ ತೊಳೆಯಲು ಓಡಲಿಲ್ಲ, ಕಿವಿ ಮುಚ್ಚಿಕೊಂಡರು. 1865ರಲ್ಲಿ ಸೆಮ್ಮೆಲ್ವೈಸ್ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ.

ಇನ್ನೊಂದು ಮಾತೂ ಇದೆ. ತಪ್ಪು ತೋರಿಸುವವರೇ ತಪ್ಪಿರಬಹುದು. 1983ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯ, ಹೊಟ್ಟೆಹುಣ್ಣಿನ ರೋಗಿಗಳ ಜಠರದಲ್ಲಿ ಒಂದು ಬ್ಯಾಕ್ಟೀರಿಯಾ ಇದೆ ಎಂದು ಬರೆದು ತನ್ನ ದೇಶದ ಜಠರರೋಗ ತಜ್ಞರ ಸಭೆಗೆ ಕಳಿಸಿದ. ಬಂದ 67 ಪ್ರಬಂಧಗಳಲ್ಲಿ 56ನ್ನು ಆರಿಸಿಕೊಂಡರು, ಅವನದು ಆಯ್ಕೆಯಾಗಲಿಲ್ಲ. ಅವನು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಬೇರೆ ಸಭೆಗೆ ಒಯ್ದ, ಪುರಾವೆ ಕೂಡಿಸಿದ, 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡ. 2005ರಲ್ಲಿ ಅವನಿಗೂ ಅವನ ಹಿರಿಯ ಜೊತೆಗಾರ ರಾಬಿನ್ ವಾರನ್‌ಗೂ ನೊಬೆಲ್ ಬಹುಮಾನ ಬಂತು. ಆದ್ದರಿಂದ ಸರೀಕರ ಮಾತು ತೀರ್ಪಲ್ಲ. ಅದು ಪ್ರಶ್ನೆ ಮಾತ್ರ. ಪ್ರಶ್ನೆಯಾಗಿ ಬಂದರೆ ಉತ್ತರ ಹುಡುಕಬಹುದು. ತೀರ್ಪಾಗಿ ಬಂದರೆ ಒಂದೋ ಶರಣಾಗಬೇಕು, ಇಲ್ಲವೆ ಜಗಳಕ್ಕೆ ನಿಲ್ಲಬೇಕು. 'ನಿನ್ನ ಕೆಲಸ ತಪ್ಪು' ಎನ್ನುವುದಕ್ಕೂ 'ಬರದೆ ಹೋದವರು ಏನಾದರು' ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ಬರಿಯ ನಯದ್ದಲ್ಲ.

ಆ ಹುಡುಗಿ ಏನು ಮಾಡಿದಳು ಎಂದು ನಿಮಗೆ ಕುತೂಹಲವಿರಬಹುದು. ಎರಡು ದಿನ ಆ ಹುಡುಗನೊಡನೆ ಮಾತು ಬಿಟ್ಟಳಂತೆ. ಮೂರನೆಯ ದಿನ ಅವನನ್ನೇ ಜೊತೆಗೆ ಕೂರಿಸಿಕೊಂಡು, ಬರದೆ ಹೋದವರ ಪಟ್ಟಿ ತೆಗೆದು, ಆಶಾ ಕಾರ್ಯಕರ್ತೆಯರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದಳು. ಕೆಲವರು ತವರಿಗೆ ಹೋಗಿದ್ದರು. ಕೆಲವರಿಗೆ ಮಾತ್ರೆ ನುಂಗಿದರೆ ವಾಕರಿಕೆ, ಮಲಬದ್ಧತೆ. ಮಲ ಕಪ್ಪಾದದ್ದನ್ನು ಕಂಡು ಹೆದರಿ ಬಿಟ್ಟವರೂ ಇದ್ದರು. ಕಬ್ಬಿಣದ ಮಾತ್ರೆಯಿಂದ ಹೀಗಾಗುವುದು ಸಹಜ, ಹೆದರಬೇಕಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಸುರಿಯರಿಗೆ ಸರ್ಕಾರ 180 ದಿನದ ಮಾತ್ರೆ ಕೊಡುತ್ತದೆ. ಕೊಟ್ಟದ್ದೆಲ್ಲ ಹೊಟ್ಟೆ ಸೇರುತ್ತದೆ ಎಂದು ತಿಳಿಯುವುದು ಆಸ್ಪತ್ರೆಯ ರಿಜಿಸ್ಟರು ಮಾತ್ರ. ಅವಳು ಕಾನ್ಫರೆನ್ಸಿನಲ್ಲಿ ಓದಿದಾಗ ಮೇಲೇರುವ ಗೆರೆ ಮೊದಲಿನಷ್ಟು ಚೆಂದವಾಗಿರಲಿಲ್ಲ. ಅದರ ಪಕ್ಕದಲ್ಲಿ ಬಿಟ್ಟುಹೋದವರದೊಂದು ಪಟ್ಟಿ ಇತ್ತು. ಬಹುಮಾನ ಬೇರೆಯವರಿಗೆ ಬಂತು. ಆದರೆ ಆ ಹೆಂಗಸರಲ್ಲಿ ಕೆಲವರು ಮತ್ತೆ ಮಾತ್ರೆ ನುಂಗತೊಡಗಿದರೆಂದು ಅವಳು ಹೇಳಿದಾಗ ಅವಳ ಮುಖದಲ್ಲಿದ್ದ ಕಳೆ ಯಾವ ಬಹುಮಾನದ್ದೂ ಅಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಸರೀಕರು ಒಬ್ಬರನ್ನೊಬ್ಬರು ಪ್ರಾಮಾಣಿಕವಾಗಿ ತಿದ್ದಿಕೊಂಡರೆ ಸಾಕು ಎಂದಾಗುತ್ತಿತ್ತು. ಸಾಲದು. ಒಂದೇ ಕೇರಿಯವರಿಗೆ ಆ ಕೇರಿಯ ವಾಸನೆ ತಿಳಿಯುವುದಿಲ್ಲ. ಡೀಕ್‌ಮನ್ ಸರಿಯಾದ ಪ್ರಶ್ನೆಯನ್ನೇ ಕೇಳಿದರು, ಸರಿಯಾದ ಉತ್ತರವನ್ನೇ ಕಂಡರು. ಆದರೆ ಷಿಕಾಗೋದ ಆ ಪ್ರಯೋಗದಲ್ಲಿದ್ದ ಕೆಲವು ಹೆಂಗಸರು 1970ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋದರು. ನಾವು ಒಂದು ಪ್ರಯೋಗದಲ್ಲಿದ್ದೇವೆಂದಾಗಲಿ, ನುಂಗುತ್ತಿರುವುದು ಡಿ.ಇ.ಎಸ್. ಎಂದಾಗಲಿ ನಮಗೆ ಯಾರೂ ಹೇಳಿರಲಿಲ್ಲ ಎಂಬುದು ಅವರ ದೂರು. ಸ್ಮಿತ್ ದಂಪತಿಯ ಲೆಕ್ಕದಲ್ಲಿ ಹುಳುಕು ಹುಡುಕಿದ ಅಷ್ಟೊಂದು ಜಾಣರಲ್ಲಿ, 'ಆ ಹೆಂಗಸರನ್ನು ಒಂದು ಮಾತು ಕೇಳಿದ್ದೀರಾ?' ಎಂಬ ಪ್ರಶ್ನೆ ಏಳಲಿಲ್ಲ. ಸ್ನೇಹಿತರಾಗಲಿ ವಿರೋಧಿಗಳಾಗಲಿ, ಎಲ್ಲರೂ ಕೂತದ್ದು ಮೇಜಿನ ಒಂದೇ ಬದಿಗೆ.

ಇನ್ನು ಕ್ಯಾನ್ಸರಿನ ಗುಟ್ಟು ಬಿಚ್ಚಿದ್ದು ಹೇಗೆ ಗೊತ್ತೆ? ಬಾಸ್ಟನ್ನಿನ ವೈದ್ಯರು ಕಾರಣ ತಿಳಿಯದೆ ತಲೆ ಕೆಡಿಸಿಕೊಂಡಿದ್ದಾಗ, ರೋಗಿಯಾಗಿದ್ದ ಒಬ್ಬ ಹುಡುಗಿಯ ತಾಯಿ ಡಾಕ್ಟರ್ ಉಲ್ಫೆಲ್ಡರ್ ಅವರನ್ನು ಕೇಳಿದಳು: ನಾನು ಬಸುರಿಯಾಗಿದ್ದಾಗ ಡಿ.ಇ.ಎಸ್. ತೆಗೆದುಕೊಂಡಿದ್ದೆ, ಅದರಿಂದ ಹೀಗಾಗಿರಬಹುದೆ? ಅಷ್ಟು ವರ್ಷ ಸಭೆಯ ಹೊರಗೇ ಉಳಿದಿದ್ದವಳು ಒಳಗೆ ಬಂದು ಒಂದು ಮಾತು ಕೇಳಿದಳು. ಆ ವೈದ್ಯರ ದೊಡ್ಡತನವೆಂದರೆ, ನಿನಗೇನು ಗೊತ್ತಮ್ಮ ಎನ್ನದೆ ಉಳಿದ ತಾಯಂದಿರನ್ನೂ ಕೇಳಿ ನೋಡಿದ್ದು.

ಈಗ ನನಗೆ ನಮ್ಮ ಸಮಿತಿಯ ಆ ಸಾಮಾನ್ಯಳ ಕುರ್ಚಿಯ ಅರ್ಥ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ. ಅದು ಏನೂ ಗೊತ್ತಿಲ್ಲದವರಿಗೆ ಇಟ್ಟ ಕುರ್ಚಿಯಲ್ಲ. ಹೊರಗೆ ಇರುವವಳಿಗಾಗಿ ಒಳಗೆ ಕಾದಿರಿಸಿದ ಕುರ್ಚಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರನ್ನಾದರೂ ನಾಳೆ ಕರೆಯಬಹುದು. ಕರೆದರೆ, ನನಗೇನು ತಿಳಿಯುತ್ತದೆ ಎಂದು ಹಿಂದೆ ಸರಿಯಬೇಡಿ. ಕರೆಯದಿದ್ದರೂ ಆಸ್ಪತ್ರೆಯಲ್ಲಿ ನಮ್ಮ ಮುಂದೆ ಕಾಗದ ಇಟ್ಟು 'ಇಲ್ಲಿ ಸೈನ್ ಮಾಡಿ' ಎಂದಾಗ, ಯಾಕೆ, ಏನು, ಮಾಡದಿದ್ದರೆ ಏನಾಗುತ್ತದೆ ಎಂದು ಕೇಳುವ ಹಕ್ಕು ನಮಗೆ ಇದ್ದೇ ಇದೆ. ಹಾಗೆ ಕೇಳುವುದು ಡಾಕ್ಟರರಿಗೆ ಅವಮಾನವಲ್ಲ, ಉಪಕಾರ.

ಸೀರೆಗೂ ಮೈಸೂರುಪಾಕಿಗೂ 'ಚೆನ್ನಾಗಿದೆ' ಎನ್ನುವುದನ್ನು ನಾನಿನ್ನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಆ ಮಾತು ಬಾಯಿಗೆ ಬರುವ ಮುನ್ನ, ಇದರ ಬೆಲೆ ಯಾರು ಕೊಡುತ್ತಾರೆ ಎಂದು ಒಮ್ಮೆ ನೋಡುತ್ತೇನೆ. ನಾನೇ ಕೊಡುವುದಾದರೆ ಧಾರಾಳವಾಗಿ ಹೇಳುತ್ತೇನೆ. ಸಮಿತಿಯಲ್ಲಿ ನನ್ನ ಪಾಲಿಗೆ ಬರುವ ಕೆಲಸ ದೊಡ್ಡದೇನೂ ಅಲ್ಲ, ರೋಗಿಯ ಒಪ್ಪಿಗೆ ಪತ್ರದ ಕನ್ನಡವನ್ನು ಓದುವುದು. ಅದರಲ್ಲಿ 'ಯಾದೃಚ್ಛಿಕವಾಗಿ ಹಂಚಿಕೆ ಮಾಡಲಾಗುವುದು' ಎಂಬಂಥ ಮಾತು ಬಂದಾಗಲೆಲ್ಲ ಕೈ ಎತ್ತುತ್ತೇನೆ. 'ಸಾರ್, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೆ ಇದು ತಿಳಿಯುತ್ತದೆಯೆ? ಚೀಟಿ ಎತ್ತಿದ ಹಾಗೆ ನಿಮ್ಮನ್ನು ಯಾವುದಾದರೂ ಒಂದು ಗುಂಪಿಗೆ ಸೇರಿಸುತ್ತೇವೆ ಎಂದು ಬರೆಯಬಾರದೆ?' ಕೆಲವರು ಗಡಿಯಾರ ನೋಡುತ್ತಾರೆ. ಕಾರ್ಯದರ್ಶಿಗಳು ಬರೆದುಕೊಳ್ಳುತ್ತಾರೆ. ನಾನು ಮುಂದಿನ ಪುಟ ತಿರುಗಿಸುತ್ತೇನೆ.